ಮಾಣೆಕ್ ಷಾ: ತಡವಾಗಿ ಸಂದ ಬಾಕಿ

ಫೀಲ್ಡ್ ಮಾರ್ಷಲ್ ಸ್ಯಾಮ್ ಮಾಣೆಕ್ ಷಾ ನೀಲಗಿರಿಯ ವೆಲ್ಲಿಂಗ್‌ಟನ್ನಿನ ಸೇನಾ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದದ್ದು 2008ರ ಜೂನ್ 27ರಂದು. ಆಗ ಅವರಿಗೆ 94 ವರ್ಷ. ಪ್ರತಿವರ್ಷ ಆ ದಿನ ಬಂತೆಂದರೆ ಅವರ ಮೀಸೆ, ಓರೆಯಾಗಿ ಧರಿಸಿದ ಗೂರ್ಖಾ ಟೋಪಿ, ಚುರುಕು ಮಾತುಗಳನ್ನು ಹೊತ್ತ ಸಂದೇಶಗಳು ನಮ್ಮೆಲ್ಲರ ಮೊಬೈಲುಗಳಲ್ಲಿ ಹರಿದಾಡುತ್ತವೆ. 2023ರಲ್ಲಿ ತೆರೆಕಂಡ ‘ಸ್ಯಾಮ್ ಬಹಾದೂರ್’ ಚಲನಚಿತ್ರದ ನಂತರವಂತೂ ಹೊಸ ತಲೆಮಾರಿಗೂ ಅವರು ಪರಿಚಿತರಾಗಿದ್ದಾರೆ. ಈ ಅಭಿಮಾನ ಸಹಜವಾದುದು, ಯೋಗ್ಯವಾದುದು. ಆದರೆ ಲೆಕ್ಕಪರಿಶೋಧನೆಯನ್ನೇ ವೃತ್ತಿಯಾಗಿಸಿಕೊಂಡ ನನ್ನ ಗಮನ ಆ ಮಹನೀಯರ ಬದುಕಿನ ಮತ್ತೊಂದು ಪುಟದತ್ತ ಹರಿಯುತ್ತದೆ. ಅದು ಅವರಿಗೆ ಸಲ್ಲಬೇಕಾಗಿದ್ದ ವೇತನದ ಲೆಕ್ಕ.

1971ರ ಡಿಸೆಂಬರ್ 3ರಿಂದ 16ರವರೆಗೆ ನಡೆದ ಯುದ್ಧದಲ್ಲಿ ಭಾರತೀಯ ಭೂಸೇನೆಯ ಮುಖ್ಯಸ್ಥರಾಗಿದ್ದವರು ಮಾಣೆಕ್ ಷಾ. ಬಾಂಗ್ಲಾದೇಶ ಉದಯಿಸಿತು, ಸುಮಾರು 93,000 ಮಂದಿ ಯುದ್ಧಕೈದಿಗಳು ಭಾರತದ ವಶಕ್ಕೆ ಬಂದರು. 1973ರ ಜನವರಿಯಲ್ಲಿ ರಾಷ್ಟ್ರವು ಅವರಿಗೆ ಫೀಲ್ಡ್ ಮಾರ್ಷಲ್ ಪದವಿಯನ್ನಿತ್ತು ಗೌರವಿಸಿತು. ಈ ಗೌರವ ಪಡೆದ ಮೊದಲ ಭಾರತೀಯ ಸೇನಾಧಿಕಾರಿ ಅವರು. ಫೀಲ್ಡ್ ಮಾರ್ಷಲ್ ಪದವಿಗೆ ನಿವೃತ್ತಿ ಎಂಬುದಿಲ್ಲ. ಪದವಿ ಪಡೆದವರು ಜೀವಿತದ ಕೊನೆಯವರೆಗೂ ಸೇವೆಯಲ್ಲಿರುವವರೆಂದೇ ಪರಿಗಣಿತರು. ಹಾಗಿದ್ದ ಮೇಲೆ ಪೂರ್ಣ ವೇತನವೂ ಸಲ್ಲಬೇಕಾದುದು ನ್ಯಾಯ. ಆದರೆ ಆ ವೇತನದ ಬಾಕಿ ಅವರ ಕೈಸೇರಿದ್ದು 2007ರಲ್ಲಿ. ಒಂದು ಕೋಟಿ ರೂಪಾಯಿಗೂ ಮೀರಿದ ಮೊತ್ತದ ಚೆಕ್ಕನ್ನು ರಕ್ಷಣಾ ಇಲಾಖೆಯ ಕಾರ್ಯದರ್ಶಿಯವರೇ ವೆಲ್ಲಿಂಗ್‌ಟನ್ನಿಗೆ ಬಂದು ಒಪ್ಪಿಸಿದರು. ಆ ವೇಳೆಗೆ ಅವರ ಪತ್ನಿ ಸಿಲ್ಲೂ ಅವರು ತೀರಿಕೊಂಡು ಆರು ವರ್ಷಗಳಾಗಿದ್ದವು. ಅವರಿಗೇ 93 ತುಂಬಿತ್ತು. ಮುಂದಿನ ವರ್ಷ ಅವರೂ ಇಲ್ಲವಾದರು.

ಈ ಪ್ರಸಂಗವನ್ನು ಹೇಳುವಾಗ ಅನೇಕರು ‘ಕೊನೆಗಾದರೂ ಕೊಟ್ಟರಲ್ಲ’ ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ವ್ಯವಹಾರ ಬಲ್ಲ ನಮ್ಮ ಓದುಗರು ಅಷ್ಟು ಸುಲಭವಾಗಿ ಸಮಾಧಾನಪಡಲಾರರು. 1973ರ ರೂಪಾಯಿಯೂ 2007ರ ರೂಪಾಯಿಯೂ ಒಂದೇ ಅಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ತಡೆಹಿಡಿದ ಹಣವನ್ನು ಕೊಟ್ಟಾಗ ಅಂಕಿ ಹಿರಿದಾಗಿ ಕಾಣುತ್ತದೆ, ಆದರೆ ಅದರ ಕೊಳ್ಳುವ ಶಕ್ತಿ ಎಂದೋ ಸೋರಿಹೋಗಿರುತ್ತದೆ. ಹಿಂದಿನ ವರ್ಷಗಳ ಸಂಬಳ ಒಮ್ಮೆಲೇ ಬಂದರೆ ನೌಕರನಿಗೆ ತೆರಿಗೆಯ ಹೊರೆ ಅನ್ಯಾಯವಾಗಿ ಏರುತ್ತದೆ ಎಂಬುದನ್ನು 1961ರ ಆದಾಯ ತೆರಿಗೆ ಕಾಯ್ದೆಯೇ ಒಪ್ಪಿಕೊಂಡು, 89ನೆಯ ಕಲಮಿನಲ್ಲಿ ಪರಿಹಾರ ಕಲ್ಪಿಸಿತು. ನಾವು ತೆರಿಗೆ ಕಟ್ಟಲು ತಡಮಾಡಿದರೆ ತಿಂಗಳ ಲೆಕ್ಕದಲ್ಲಿ ಬಡ್ಡಿ ವಸೂಲು ಮಾಡುವ ಸರ್ಕಾರಕ್ಕೆ ವಿಳಂಬದ ಬೆಲೆ ತಿಳಿಯದೆಂದು ಹೇಳಲಾಗದು. ತಾನು ಕೊಡಬೇಕಾದಾಗ ಮಾತ್ರ ಆ ಬೆಲೆ ಅದಕ್ಕೆ ಮರೆತುಹೋಗುತ್ತದೆ.

ಹಣದ ಮಾತು ಅಂತಿರಲಿ. ಊಟಿಯ ಪಾರ್ಸಿ ರುದ್ರಭೂಮಿಯಲ್ಲಿ, ಪತ್ನಿಯ ಸಮಾಧಿಯ ಪಕ್ಕದಲ್ಲಿ ಸೇನಾ ಗೌರವಗಳೊಂದಿಗೆ ಅವರ ಅಂತ್ಯಕ್ರಿಯೆ ನಡೆದಾಗ ರಾಷ್ಟ್ರಪತಿಗಳು ಬರಲಿಲ್ಲ, ಪ್ರಧಾನಮಂತ್ರಿಗಳು ಬರಲಿಲ್ಲ, ರಕ್ಷಣಾ ಸಚಿವರೂ ಬರಲಿಲ್ಲ. ಸರ್ಕಾರವನ್ನು ಪ್ರತಿನಿಧಿಸಿದವರು ರಕ್ಷಣಾ ಖಾತೆಯ ರಾಜ್ಯ ಸಚಿವರು. ರಾಷ್ಟ್ರೀಯ ಶೋಕಾಚರಣೆಯ ಘೋಷಣೆಯೂ ಆಗಲಿಲ್ಲ. ಗಣ್ಯರ ಅನುಕ್ರಮಣಿಕೆಯಲ್ಲಿ ಫೀಲ್ಡ್ ಮಾರ್ಷಲ್ ಪದವಿಯ ಉಲ್ಲೇಖವೇ ಇಲ್ಲ ಎಂಬ ಸಮಜಾಯಿಷಿ ಕೇಳಿಬಂತು. ಇಲ್ಲಿ ಕನ್ನಡಿಗರಿಗೆ ಮಡಿಕೇರಿ ನೆನಪಾಗದೆ ಇರದು. ನಮ್ಮ ಮತ್ತೊಬ್ಬ ಫೀಲ್ಡ್ ಮಾರ್ಷಲ್, ಕೊಡಗಿನ ಕೆ. ಎಂ. ಕಾರ್ಯಪ್ಪನವರು 1993ರ ಮೇ ತಿಂಗಳಲ್ಲಿ ನಿಧನರಾದಾಗ, ಮಡಿಕೇರಿಯ ಅಂತ್ಯಸಂಸ್ಕಾರಕ್ಕೆ ಮೂರೂ ಸೇನೆಗಳ ಮುಖ್ಯಸ್ಥರು ಬಂದಿದ್ದರು. ಅವರೊಡನೆ ವಯೋವೃದ್ಧ ಮಾಣೆಕ್ ಷಾ ಅವರೂ ಬಂದು ಹಿರಿಯ ಸಹೋದ್ಯೋಗಿಗೆ ವಂದಿಸಿದ್ದರು. 2017ರಲ್ಲಿ ವಾಯುಸೇನೆಯ ಮಾರ್ಷಲ್ ಅರ್ಜನ್ ಸಿಂಗ್ ತೀರಿಕೊಂಡಾಗ ದೆಹಲಿಯಲ್ಲಿ ರಾಷ್ಟ್ರಧ್ವಜ ಅರ್ಧಕ್ಕೆ ಇಳಿಯಿತು, ಸರ್ಕಾರಿ ಗೌರವ ಸಂದಿತು. ಮೊದಲು ಮಡಿಕೇರಿಯಲ್ಲಿ, ಅನಂತರ ದೆಹಲಿಯಲ್ಲಿ ಸಾಧ್ಯವಾದುದು ಊಟಿಯಲ್ಲಿ ಏಕೆ ಆಗಲಿಲ್ಲ? ನಮ್ಮಲ್ಲಿ ಗೌರವವೆಂಬುದು ಆಯಾ ಕಾಲದ ಅಧಿಕಾರಸ್ಥರ ಮನೋಧರ್ಮವನ್ನು ಅವಲಂಬಿಸಿದೆಯೇ ಹೊರತು ನಿಯಮವನ್ನಲ್ಲ ಎಂಬುದೇ ಇದಕ್ಕೆ ಉತ್ತರ.

ಅಧಿಕಾರಸ್ಥರಿಗೆ ಪ್ರಿಯವಾಗುವಂತೆ ಮಾತನಾಡುವ ಅಭ್ಯಾಸ ಮಾಣೆಕ್ ಷಾ ಅವರಿಗೆ ಇರಲಿಲ್ಲ. ವೆಲ್ಲಿಂಗ್‌ಟನ್ನಿನ ಸ್ಟಾಫ್ ಕಾಲೇಜಿನ ಮುಖ್ಯಸ್ಥರಾಗಿದ್ದಾಗಲೇ ಅವರ ಬಿಚ್ಚುಮಾತಿನಿಂದಾಗಿ ವಿಚಾರಣೆಯೊಂದನ್ನು ಎದುರಿಸಿ, ನಿರ್ದೋಷಿಯೆನಿಸಿ ಹೊರಬಂದರು. 1962ರಲ್ಲಿ ಚೀನಾದೆದುರು ಸೇನೆ ಹಿಮ್ಮೆಟ್ಟಿದ ಮೇಲೆ, ಕುಸಿದ ಧೈರ್ಯವನ್ನು ಎತ್ತಿ ನಿಲ್ಲಿಸಲು ತೇಜ್‌ಪುರಕ್ಕೆ ಕಳುಹಿಸಲು ಸರ್ಕಾರಕ್ಕೆ ನೆನಪಾದದ್ದು ಅದೇ ಮಾಣೆಕ್ ಷಾ. 1971ರ ಏಪ್ರಿಲ್‌ನಲ್ಲಿ ಕೂಡಲೇ ಪೂರ್ವ ಪಾಕಿಸ್ತಾನದೊಳಗೆ ನುಗ್ಗಬೇಕೆಂಬ ಒತ್ತಾಯ ಬಂದಾಗ, ಮಳೆಗಾಲದಲ್ಲಿ ಅಲ್ಲಿನ ನದಿಗಳು ಸಮುದ್ರದಂತಾಗುತ್ತವೆ, ಸೇನೆ ಸಿದ್ಧವಿಲ್ಲ, ಈಗ ಹೊರಟರೆ ಸೋಲು ಖಚಿತ ಎಂದು ಪ್ರಧಾನಿ ಇಂದಿರಾ ಗಾಂಧಿಯವರ ಮುಂದೆಯೇ ಹೇಳಿದೆನೆಂದು ಅವರು ಮುಂದೆ ನಿರೂಪಿಸಿದ್ದಾರೆ. ಆ ನಿರೂಪಣೆಯ ಕೆಲವು ವಿವರಗಳನ್ನು ಇತಿಹಾಸಕಾರರು ಪ್ರಶ್ನಿಸಿದ್ದಾರೆ. ಆದರೆ ಮಳೆಗಾಲ ಕಳೆಯುವವರೆಗೆ ಕಾದು, ಪೂರ್ಣ ಸಿದ್ಧತೆಯ ನಂತರವೇ ಸೇನೆ ಹೆಜ್ಜೆಯಿಟ್ಟದ್ದು ನಿರ್ವಿವಾದ. ಢಾಕಾದಲ್ಲಿ ಶರಣಾಗತಿ ಸ್ವೀಕರಿಸುವ ಗೌರವವನ್ನು ಅವರು ಪೂರ್ವ ಕಮಾಂಡಿನ ಮುಖ್ಯಸ್ಥ ಜಗಜಿತ್ ಸಿಂಗ್ ಅರೋರಾ ಅವರಿಗೇ ಬಿಟ್ಟುಕೊಟ್ಟರು. ಕಹಿಯಾದ ಸತ್ಯವನ್ನು ಸಕಾಲದಲ್ಲಿ ಹೇಳುವ ನಿರ್ಭೀತಿ, ಗೆಲುವಿನ ಕೀರ್ತಿಯನ್ನು ಹಂಚಿಕೊಳ್ಳುವ ಔದಾರ್ಯ, ಇವೆರಡೂ ಒಬ್ಬರಲ್ಲಿ ಕೂಡಿರುವುದು ಅಪರೂಪ.

ಅವರನ್ನು ಬದುಕಿಸಿದ್ದು ಒಬ್ಬ ಸಾಮಾನ್ಯ ಸಿಪಾಯಿ ಎಂಬುದನ್ನೂ ಮರೆಯಲಾಗದು. 1942ರ ಫೆಬ್ರವರಿಯಲ್ಲಿ ಬರ್ಮಾದ ಸಿತಾಂಗ್ ನದಿಯ ಬಳಿ ಜಪಾನೀಯರ ಗುಂಡುಗಳು ದೇಹ ಹೊಕ್ಕು ಅವರು ಕುಸಿದಾಗ, ಬದುಕುವ ಆಸೆ ಯಾರಿಗೂ ಇರಲಿಲ್ಲ. ಅವರನ್ನು ಹೊತ್ತೊಯ್ದು, ವೈದ್ಯರನ್ನು ಕಾಡಿ ಬೇಡಿ ಶಸ್ತ್ರಚಿಕಿತ್ಸೆ ಮಾಡಿಸಿದವರು ಅವರ ಆರ್ಡರ್ಲಿ ಶೇರ್ ಸಿಂಗ್. ಫೀಲ್ಡ್ ಮಾರ್ಷಲರ ಬಾಕಿಯೇ ಮೂರು ದಶಕ ಕಾದಿತೆಂದರೆ, ಶೇರ್ ಸಿಂಗರಂಥ ಲಕ್ಷಾಂತರ ಜವಾನರ ಪಾಡೇನು?

ಉತ್ತರ ನ್ಯಾಯಾಲಯದ ಕಡತಗಳಲ್ಲಿದೆ. ‘ಸಮಾನ ಪದವಿ, ಸಮಾನ ಪಿಂಚಣಿ’ ಯೋಜನೆಯ ಪರಿಷ್ಕೃತ ಬಾಕಿಯನ್ನು ಮೂರು ತಿಂಗಳಲ್ಲಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರ ಮಾರ್ಚ್‌ನಲ್ಲಿ ಆದೇಶಿಸಿತು. ವರ್ಷ ಕಳೆದರೂ ಬಾಕಿ ತೀರಲಿಲ್ಲ. ನಾಲ್ಕು ಕಂತುಗಳಲ್ಲಿ ಕೊಡುತ್ತೇವೆಂದು ಇಲಾಖೆಯೇ ತನ್ನಷ್ಟಕ್ಕೆ ನಿರ್ಧರಿಸಿತು. ಬಾಕಿಯ ಒಟ್ಟು ಮೊತ್ತ ಸುಮಾರು 28,000 ಕೋಟಿ ರೂಪಾಯಿ. ಕೊನೆಗೆ 2023ರ ಮಾರ್ಚ್‌ನಲ್ಲಿ ನ್ಯಾಯಾಲಯವೇ ವೇಳಾಪಟ್ಟಿ ವಿಧಿಸಿ, ಕುಟುಂಬ ಪಿಂಚಣಿದಾರರಿಗೂ ಶೌರ್ಯಪದಕ ವಿಜೇತರಿಗೂ ಮೊದಲು, 70 ದಾಟಿದವರಿಗೆ ಅನಂತರ, ಉಳಿದವರಿಗೆ 2024ರ ಫೆಬ್ರವರಿಯೊಳಗೆ ಎಂದು ಗೆರೆ ಎಳೆಯಬೇಕಾಯಿತು. ಅಂಗವೈಕಲ್ಯ ಪಿಂಚಣಿಯ ತೆರಿಗೆ ವಿನಾಯಿತಿಯನ್ನು 2019ರ ಜೂನ್‌ನ ಸುತ್ತೋಲೆಯೊಂದು ಮೊಟಕುಗೊಳಿಸಿದಾಗಲೂ ನಿವೃತ್ತ ಯೋಧರು ಅದೇ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಈ ವಿಷಯದಲ್ಲಿ ಒಂದು ಪಕ್ಷವನ್ನು ದೂರಿ ಇನ್ನೊಂದನ್ನು ಹೊಗಳುವುದು ನಿರರ್ಥಕ. 1973ರಿಂದ 2007ರವರೆಗೆ ಬೇರೆಬೇರೆ ಪಕ್ಷಗಳು ದೆಹಲಿಯಲ್ಲಿ ಆಳಿದವು. ಮಾಣೆಕ್ ಷಾ ಅವರ ಕಡತ ಮಾತ್ರ ಕದಲಲಿಲ್ಲ.

ಅವರ ನಿಧನದ ನಂತರ ಸ್ಮಾರಕಗಳಿಗೇನೂ ಕೊರತೆಯಾಗಲಿಲ್ಲ. ಅದೇ ವರ್ಷದ ಡಿಸೆಂಬರ್ 16ರಂದು ಅಂಚೆಚೀಟಿ ಬಿಡುಗಡೆಯಾಯಿತು. ದೆಹಲಿಯ ದಂಡುಪ್ರದೇಶದಲ್ಲಿ ಅವರ ಹೆಸರಿನ ಭವ್ಯ ಸಭಾಕೇಂದ್ರ ತಲೆಯೆತ್ತಿತು. ಬೆಂಗಳೂರಿನಲ್ಲಿ ಗಣರಾಜ್ಯೋತ್ಸವದ ಕವಾಯತು ನಡೆಯುವುದೂ ಮಾಣೆಕ್ ಷಾ ಪರೇಡ್ ಮೈದಾನದಲ್ಲೇ. ಇವೆಲ್ಲ ಇರಲಿ. ಆದರೆ ಬದುಕಿರುವವರ ಹಕ್ಕನ್ನು ಅವರು ಬದುಕಿರುವಾಗಲೇ ಸಲ್ಲಿಸುವ ವ್ಯವಸ್ಥೆ ಬೇಕು. ನಿಗದಿತ ಅವಧಿ ಮೀರಿದ ಪ್ರತಿಯೊಂದು ಬಾಕಿಗೂ ಯಾರೂ ಅರ್ಜಿ ಹಾಕದೆ ತಾನಾಗಿಯೇ ಬಡ್ಡಿ ಸೇರುವಂತೆ ನಿಯಮವಾಗಲಿ. ಸಾಲಗಾರನಿಗೆ ಬಡ್ಡಿಯ ಭಯವಿದ್ದರೆ ಕಡತ ತಾನಾಗಿ ಚಲಿಸುತ್ತದೆ.

ಸರ್ಕಾರದ ಪಾಲಿನದು ಇಷ್ಟಾದರೆ ನಮ್ಮ ಪಾಲಿನದೂ ಒಂದಿದೆ. ಮುಂಬಯಿ, ಪುಣೆ, ಹೈದರಾಬಾದುಗಳ ನಮ್ಮ ಸಂಘಸಂಸ್ಥೆಗಳು ಆಗಸ್ಟ್ 15ಕ್ಕೋ ಜನವರಿ 26ಕ್ಕೋ ಒಬ್ಬ ನಿವೃತ್ತ ಯೋಧರನ್ನು ಕರೆಸಿ ಶಾಲು ಹೊದಿಸಿ, ಫಲತಾಂಬೂಲವಿತ್ತು ಕಳುಹಿಸುತ್ತವೆ. ಅದೇ ಯೋಧರ ಮನೆಯಲ್ಲಿ, ಅಥವಾ ಅವರ ಸಹಯೋಧರ ವಿಧವೆಯ ಮನೆಯಲ್ಲಿ, ಸೇನೆಯ ದಾಖಲೆಯ ಹೆಸರಿಗೂ ಆಧಾರ್ ಕಾರ್ಡಿನ ಹೆಸರಿಗೂ ಒಂದಕ್ಷರ ವ್ಯತ್ಯಾಸವಾಗಿ ಕುಟುಂಬ ಪಿಂಚಣಿ ನಿಂತಿರಬಹುದು. ರಕ್ಷಣಾ ಪಿಂಚಣಿಯೆಲ್ಲ ಈಗ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಗೆ ಬಂದಿದೆ. ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಸಲ್ಲಿಸದಿದ್ದರೆ ಹಣ ನಿಲ್ಲುತ್ತದೆ. ಎಂಬತ್ತರ ಅಜ್ಜಿಗೆ ಈ ಪಾಸ್‌ವರ್ಡುಗಳ ಲೋಕ ಅರ್ಥವಾಗುವುದೆಂತು? ನಮ್ಮಲ್ಲಿ ಲೆಕ್ಕಪರಿಶೋಧಕರಿದ್ದಾರೆ, ವಕೀಲರಿದ್ದಾರೆ, ಕಂಪ್ಯೂಟರ್ ಬಲ್ಲ ಯುವಕಯುವತಿಯರು ಬೇಕಾದಷ್ಟಿದ್ದಾರೆ. ಪ್ರತಿಯೊಂದು ಸಂಘವೂ ತಿಂಗಳಿಗೊಂದು ಭಾನುವಾರ ತನ್ನ ಕಚೇರಿಯ ಬಾಗಿಲನ್ನು ಸುತ್ತಮುತ್ತಲಿನ ಮಾಜಿ ಸೈನಿಕರ ಕುಟುಂಬಗಳಿಗಾಗಿ ತೆರೆದಿಡಲಿ. ಅವರು ಯಾವ ಭಾಷೆಯವರು, ಯಾವ ಮತದವರು ಎಂದು ಕೇಳುವುದು ಬೇಡ. ಮುಂದಿನ ಜೂನ್ 27ರೊಳಗೆ ಇಂಥ ಹತ್ತು ಕುಟುಂಬಗಳ ನಿಂತುಹೋದ ಪಿಂಚಣಿಯನ್ನು ಮರಳಿ ಕೊಡಿಸಿದರೆ ಮಾಣೆಕ್ ಷಾ ಅವರಿಗೆ ನಾವು ಸಲ್ಲಿಸುವ ಶ್ರದ್ಧಾಂಜಲಿ ಅದೇ ಆಗುತ್ತದೆ.