ಗ್ಯಾಸ್ ಅಲ್ರೀ, ಮೊದಲು ಗಾಳಿ ನೋಡ್ರಿ!

ಗಬ್ಬೂರು: ಬೇಸಿಗೆ ಬಂತೆಂದರೆ ಬಸ್ಸಿಗೆ ಕಾಯುವವರ ಕಣ್ಣು ಸೋಡಾ ಅಂಗಡಿಯ ಫ್ರಿಜ್ಜಿನ ಮೇಲೆ. ಅದು ತಣ್ಣಗಾಗದಿದ್ದರೆ ಮಿಸ್ತ್ರಿಯದು ಒಂದೇ ಮಾತು: "ಗ್ಯಾಸ್ ಹೋಗ್ಯಾದರಿ ಯಜಮಾನ್ರೆ, ತುಂಬಬೇಕು." ಅಲ್ಲಿಗೆ ವಾರದ ಗಲ್ಲಾ ಖಾಲಿ.

ದೋಣಿಯ ಫ್ರಿಜ್ಜಿನದೂ ಇದೇ ಹಣೆಬರಹ. ಇಲ್ಲಿನವರಿಗೆ ದೋಣಿಯೆಂದರೆ ಕೃಷ್ಣೆಯ ಹರಿಗೋಲು, ಅದಕ್ಕೇಕೆ ಫ್ರಿಜ್ಜು! ಆದರೆ ಉಡುಪಿ ಕಡೆ ಸ್ವರ್ಣಾ ನದಿಯಲ್ಲಿ ಮೋಜಿನ ದೋಣಿಮನೆಗಳಿವೆ. ಇಂಥ ದೋಣಿಯಲ್ಲಿ ಜಾಗ ಕಡಿಮೆ. ಫ್ರಿಜ್ಜನ್ನು ಹಲಗೆಗಳ ನಡುವೆ ಬಿಗಿದು ಕೂಡಿಸಿದರೆ ಹಿಂದಿನ ಬಿಸಿ ಹೊರಬೀಳಲು ದಾರಿಯಿಲ್ಲ. ಮೇಲಾಗಿ ಉಪ್ಪುಗಾಳಿಗೆ ವೈರಿನ ತುದಿ ಕಿಲುಬು ಹಿಡಿದು, 12 ವೋಲ್ಟಿನ ಬ್ಯಾಟರಿ ಕರೆಂಟು ಕಂಪ್ರೆಸರಿಗೆ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಬಲ್ಲ ರಿಪೇರಿಯವ ಮೊದಲು ನೋಡುವುದು ಇವೆರಡನ್ನೇ. ಗ್ಯಾಸಿನ ಮಾತು ಆಮೇಲೆ.

ಹಳೆಯ ಆರ್-12 ಗ್ಯಾಸಿಗೆ ಬೆಂಕಿ ಹತ್ತುತ್ತಿರಲಿಲ್ಲ. ಈಗಿನ ಎಷ್ಟೋ ಫ್ರಿಜ್ಜುಗಳಲ್ಲಿರುವ ಆರ್-600ಎ ಹೊತ್ತಿ ಉರಿಯುವಂಥದು, ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲೇ ಕೂರುತ್ತದೆ. ಒಂದು ಕಿಡಿ ಸಾಕು. ಗಾಳಿಯಾಡದ ಡಬ್ಬಿ ಅಂಗಡಿಯೇನು ದೋಣಿಗಿಂತ ಬೇರೆಯೇ? ಷಟರ್ ಅರ್ಧ ಎಳೆದು ಒಳಗೆ ಬೆಸುಗೆಗೆ ಬೆಂಕಿ ಹಚ್ಚುವ ಮಿಸ್ತ್ರಿಗೆ ಯಾರು ಹೇಳಬೇಕು?

ಫ್ರಿಜ್ಜನ್ನು ಗೋಡೆಗೆ ಒತ್ತರಿಸಿ, ಹಿಂದೆ ಖಾಲಿ ರಟ್ಟು ತುರುಕಿದ ಅಂಗಡಿಕಾರರು ಮಿಸ್ತ್ರಿಗೆ ಹೇಳಿಕಳಿಸುವ ಮುಂಚೆ ಪ್ಲಗ್ ಕಿತ್ತು, ಅದನ್ನು ಒಂದು ಗೇಣು ಈಚೆಗೆ ಎಳೆಯಲಿ, ಧೂಳು ಹೊಡೆಯಲಿ, ಒಂದು ದಿನ ನಡೆಸಿ ನೋಡಲಿ. ಆಗಲೂ ತಣ್ಣಗಾಗದಿದ್ದರೆ, "ಮೊದಲು ಮೀಟರ್ ಹಚ್ಚಿ ವೋಲ್ಟೇಜ್ ನೋಡಪಾ" ಅನ್ನಲಿ. ಮೀಟರಿಲ್ಲದೆ ಬರೀ ಸಿಲಿಂಡರ್ ಹೊತ್ತು ಬಂದವನನ್ನು ಹಾಗೇ ಸಾಗಹಾಕಬೇಕು.