ಕಪ್ಪು ಕೋಟಿನಲ್ಲಿ ಅಡಗಿದ್ದದ್ದು

ಮಕ್ಕಳೇ, ಈ ವಾರ ಪತ್ರಿಕೆ ಅಜ್ಜ ಅಜ್ಜಿಯ ಕೈಯಲ್ಲಿರಲಿ, ಮೊಬೈಲು ನಿಮ್ಮ ಕೈಯಲ್ಲಿರಲಿ. ಇಬ್ಬರಿಗೂ ಕೆಲಸವಿದೆ.

ನಮ್ಮ ದೊಡ್ಡಪ್ಪ ಬಳ್ಳಾರಿಯ ಕೌಲ್ ಬಜಾರಿನಲ್ಲಿ ದರ್ಜಿಯಾಗಿದ್ದರು. ಕೌಲು ಎಂದರೆ ಕರಾರು, ಒಪ್ಪಂದ. 1800ರಲ್ಲಿ ಈ ಸೀಮೆ ನಿಜಾಮರಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಆಮೇಲೆ ಬಳ್ಳಾರಿಯಲ್ಲಿ ದಂಡು ಬೀಡುಬಿಟ್ಟಿತು, ದಂಡಿನ ಮಗ್ಗುಲಲ್ಲಿ ಪೇಟೆ ಬೆಳೆಯಿತು. ದಂಡಿದ್ದ ಕಡೆ ದರ್ಜಿ ಇರಲೇಬೇಕಲ್ಲ! ಈಗ ನಮ್ಮೂರಿಗೆ ಹೆಸರು ತಂದಿರುವುದು ಜೀನ್ಸ್. ಆದರೆ ದೊಡ್ಡಪ್ಪ ಜೀನ್ಸಿಗೆ ಕೈ ಹಚ್ಚಲಿಲ್ಲ. ಅವರದು ಕೋಟು, ಸಫಾರಿ, ಶೇರ್ವಾನಿ. ತಮಗಾಗಿ ಅವರು ಹೊಲಿದುಕೊಂಡದ್ದು ಒಂದೇ ಒಂದು ಕಪ್ಪು ಕೋಟು. ಬಳ್ಳಾರಿಯಲ್ಲಿ ಇರುವುದು ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲ ಎಂದು ನಗುತ್ತೇವೆ. ಆದರೂ ಮದುವೆ ಮನೆಗೆ ಅವರು ಆ ಕೋಟು ಹಾಕದೆ ಹೋದವರಲ್ಲ.

ಅವರು ತೀರಿಕೊಂಡ ವರ್ಷ, ಗೋಡೆಗೆ ಹಾಕಲು ಒಂದು ಫೋಟೋ ಬೇಕಾಯಿತು. ಮೊಬೈಲಿನಲ್ಲಿ ಸಿಕ್ಕಿದ್ದು ನಾಲ್ಕು ವರ್ಷದ ಹಿಂದಿನ ಮದುವೆಯದು. ನಡು ಮಧ್ಯಾಹ್ನ, ಸುಣ್ಣದ ಗೋಡೆಯ ಮುಂದೆ, ಬಿಳಿ ಪಂಚೆ, ಕಪ್ಪು ಕೋಟು. ಮುಖ ಚೆನ್ನಾಗಿತ್ತು. ಆದರೆ ಕೋಟೆಂಬುದು ಬರೀ ಡಾಂಬರಿನ ಉಂಡೆ! ಗುಂಡಿ ಎಲ್ಲಿ, ಜೇಬೆಲ್ಲಿ, ಕಾಲರ್ ಎಲ್ಲಿ ಒಂದೂ ಕಾಣದು. “ದರ್ಜಿಯ ಫೋಟೋದಾಗ ಹೊಲಿಗೇನ ಇಲ್ಲಂದ್ರ ಹೆಂಗವ್ವಾ?” ಅಂದರು ದೊಡ್ಡಮ್ಮ.

ಒಂಬತ್ತನೇ ತರಗತಿಯ ಅವರ ಮೊಮ್ಮಗಳು ಮೊಬೈಲು ತೆಗೆದುಕೊಂಡು ಬ್ರೈಟ್‌ನೆಸ್ ಏರಿಸಿದಳು. ಗೋಡೆ ಬೆಳ್ಳಗೆ ಸುಟ್ಟುಹೋಯಿತು, ಪಂಚೆ ಮಾಯವಾಯಿತು. ಅದನ್ನು ಬಿಟ್ಟು ‘ಶ್ಯಾಡೋಸ್’ ಎಂಬ ಪಟ್ಟಿಯನ್ನು ಕೊನೆಯವರೆಗೂ ಎಳೆದಳು. ಈಗ ಕೋಟು ಎದ್ದಿತು, ಆದರೆ ಬೂದಿ ಬಣ್ಣದಲ್ಲಿ. ಅದರ ತುಂಬ ಕೆಂಪು, ಹಸಿರು ಚುಕ್ಕೆಗಳು, ಚೌಕ ಚೌಕ ಕಲೆಗಳು. “ಏ, ತಾತನ ಕೋಟಿಗೆ ಬೂಸ್ಟು ಬಂದೈತಿ!” ಎಂದು ತಮ್ಮ ಕೂಗಿದ. ಸರಿಯಾಗಿಯೇ ಹೇಳಿದ್ದ.

ಯಾಕೆ ಹೀಗಾಯಿತು? ಬಿಳಿ ಪಂಚೆ ತನ್ನ ಮೇಲೆ ಬಿದ್ದ ಬೆಳಕಿನ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಹಿಂದಕ್ಕೆ ಕಳಿಸುತ್ತದೆ. ಕಪ್ಪು ಉಣ್ಣೆ ಕಳಿಸುವುದು ನೂರಕ್ಕೆ ನಾಲ್ಕೋ ಐದೋ ಪಾಲು. ಕ್ಯಾಮೆರಾ ಗೋಡೆ, ಪಂಚೆಗಳನ್ನು ಕಾಪಾಡಲು ಬೆಳಕು ತಗ್ಗಿಸಿತು, ಕೋಟು ಪಾತಾಳಕ್ಕಿಳಿಯಿತು. ಇನ್ನು ಲೆಕ್ಕ ನೋಡಿ. ನಾವು ಸಾಮಾನ್ಯವಾಗಿ ಹಂಚಿಕೊಳ್ಳುವ ಜೆಪೆಗ್ ಚಿತ್ರದಲ್ಲಿ ಕಡುಗಪ್ಪಿಗೆ 0, ಅಚ್ಚ ಬಿಳಿಗೆ 255. ನಮ್ಮ ದೊಡ್ಡಪ್ಪನ ಇಡೀ ಕೋಟು ಆ ಏಣಿಯ ತೀರಾ ಕೆಳಗಿನ ಕೆಲವೇ ಮೆಟ್ಟಿಲುಗಳಲ್ಲಿ ಮುದುರಿ ಕೂತಿತ್ತು. ಸಾಲದ್ದಕ್ಕೆ ಆ ಫೋಟೋ ವಾಟ್ಸ್‌ಆ್ಯಪಿನಲ್ಲಿ ಬಂದದ್ದು. ಕಳಿಸುವಾಗ ಚಿತ್ರವನ್ನು ಹಿಂಡಿ ಚಿಕ್ಕದು ಮಾಡುತ್ತಾರೆ. ಕಣ್ಣಿಗೆ ಹೆಚ್ಚು ಬೇಧ ಕಾಣದ ಕತ್ತಲಿನ ಸೂಕ್ಷ್ಮಗಳೇ ಮೊದಲು ಬಲಿಯಾಗುತ್ತವೆ. ಇರುವ ಮೆಟ್ಟಿಲುಗಳನ್ನು ದೂರ ದೂರ ಇಡಬಹುದು, ಇಲ್ಲದ ಮೆಟ್ಟಿಲನ್ನು ತರುವುದು ಹೇಗೆ?

ಹಾಗಾಗಿ ನಾನು ಮೊದಲು ಹೇಳಿದ್ದು: ಮೊಬೈಲು ಕೆಳಗಿಡು, ಫೋಟೋ ತೆಗೆದವರನ್ನು ಹುಡುಕು. ಪುಣ್ಯಕ್ಕೆ ಅವರು ಮೂಲ ‘ರಾ’ ಫೈಲನ್ನು ಅಳಿಸಿರಲಿಲ್ಲ. ರಾ ಎಂದರೆ ಬೇಯಿಸದ ಅಡಿಗೆ ಎಂದುಕೊಳ್ಳಿ, ಕ್ಯಾಮೆರಾ ಕಂಡದ್ದೆಲ್ಲ ಹಸಿಹಸಿಯಾಗಿ ಅದರಲ್ಲಿರುತ್ತದೆ. ಜೆಪೆಗ್‌ನಲ್ಲಿ 256 ಮೆಟ್ಟಿಲಿದ್ದರೆ, 14 ಬಿಟ್‌ನ ರಾ ಫೈಲಿನಲ್ಲಿ 16,384.

ಕಂಪ್ಯೂಟರಿನ ಮುಂದೆ ಹುಡುಗಿ ಕೂತಳು, ನಾನು ಹಿಂದೆ ನಿಂತೆ. ಇಡೀ ಚಿತ್ರವನ್ನು ಮುಟ್ಟದೆ ಕೋಟನ್ನು ಮಾತ್ರ ಆರಿಸಿಕೊಂಡೆವು. ಶ್ಯಾಡೋಸ್ ಸ್ವಲ್ಪ ಏರಿಸು, ನಿಲ್ಲು, ನೋಡು, ಮತ್ತೆ ಸ್ವಲ್ಪ. ಮಡಿಕೆಗಳು ಕಂಡವು. ಆಗ ‘ಬ್ಲ್ಯಾಕ್ಸ್’ ಪಟ್ಟಿಯನ್ನು ತುಸು ಕೆಳಗೆ ತಂದೆವು. ಇದನ್ನು ಬಹಳ ಜನ ಮರೆಯುತ್ತಾರೆ. ಕಂಕುಳ ಸಂದಿ, ಜೇಬಿನ ಬಾಯಿ ಇವು ಕಡುಗಪ್ಪಾಗಿಯೇ ಉಳಿಯಬೇಕು. ಆಗಲೇ ಉಳಿದದ್ದು ಕಪ್ಪು ಬಟ್ಟೆ ಎಂದು ಕಣ್ಣು ನಂಬುವುದು, ಇಲ್ಲದಿದ್ದರೆ ಬೂದಿ. ಕೋಟಿಗೆ ಸ್ವಲ್ಪ ನೇರಳೆ ಛಾಯೆ ಬಂದಿತ್ತು, ಅಷ್ಟು ಜಾಗದ ಬಣ್ಣದ ತೀವ್ರತೆ ಇಳಿಸಿದೆವು. ಚುಕ್ಕೆಗಳನ್ನು ಪೂರ್ತಿ ಒರೆಸಲಿಲ್ಲ. ಒರೆಸಿದರೆ ಉಣ್ಣೆ ಹೋಗಿ ರೆಕ್ಸಿನ್ ಆಗುತ್ತಿತ್ತು.

ಮೊಬೈಲಿನಲ್ಲೇ ಮಾಡುವವರಿಗೆ ಸ್ನ್ಯಾಪ್‌ಸೀಡ್‌ನ ‘ಸೆಲೆಕ್ಟಿವ್’ ಸಾಕು. ಕೋಟಿನ ಮೇಲೆ ಬೆರಳಿಟ್ಟು, ಎರಡು ಬೆರಳಿನಿಂದ ವೃತ್ತ ಹಿಗ್ಗಿಸಿ ಕುಗ್ಗಿಸಿ, ಅಷ್ಟಕ್ಕೆ ಮಾತ್ರ ಬೆಳಕು ಕೊಡಬಹುದು. ಅಜ್ಜಂದಿರೇ, ಇದು ಹೊಸದೇನಲ್ಲ. ಹಿಂದೆ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ತಂತಿಗೆ ಸಿಕ್ಕಿಸಿದ ರಟ್ಟಿನ ಚೂರನ್ನು ಕೋಟಿನ ಜಾಗಕ್ಕೆ ಅಡ್ಡ ಹಿಡಿದು ಆಡಿಸುತ್ತಿದ್ದರು. ಅಲ್ಲಿ ಕಾಗದಕ್ಕೆ ಕಡಿಮೆ ಬೆಳಕು ಬಿದ್ದು ಕಪ್ಪು ತಿಳಿಯಾಗುತ್ತಿತ್ತು.

ಕೋಟು ತೆರೆಯುತ್ತಾ ಹೋಯಿತು. ಮೂರು ಗುಂಡಿ, ಕಾಲರಿನ ಅಂಚಿಗೆ ಅವರ ಸಣ್ಣ ಕೈಹೊಲಿಗೆ. ದೊಡ್ಡಮ್ಮ ಕನ್ನಡಕ ಏರಿಸಿಕೊಂಡು ಹತ್ತಿರ ಬಂದರು. ಆಮೇಲೆ ಬಲ ಮೊಣಕೈಯ ಬಳಿ ರೂಪಾಯಿ ಅಗಲದ ಒಂದು ರಫೂ ಕಂಡಿತು. ಕಪ್ಪು ದಾರದಲ್ಲಿ ಎಳೆ ಎಳೆ ಹೆಣೆದದ್ದು.

“ಅದನ್ನ ಮುಚ್ಚವ್ವಾ,” ಅಂದರು ದೊಡ್ಡಮ್ಮ. “ಯಾರಿಗೂ ಕಾಣಬಾರದು ಅಂತ ರಾತ್ರಿಯೆಲ್ಲಾ ಕೂತು ಹೆಣೆದಿದ್ರು. ಊರಿಗೆಲ್ಲಾ ಹೊಸಾದು ಹೊಲಿದ್ರು, ತಮಗ ಹೊಲಕೊಳ್ಳಲಿಲ್ಲ.”

ಹುಡುಗಿ ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಅವಳು ಮೊಣಕೈಯನ್ನಷ್ಟೇ ಆರಿಸಿ ಮತ್ತೆ ಕತ್ತಲೆಗಿಳಿಸಿದಳು. ಗೋಡೆಯ ಮೇಲಿರುವುದು ಆ ಪ್ರತಿ. ರಫೂ ಕಾಣುವ ಪ್ರತಿಯನ್ನೂ ಅವಳು ಉಳಿಸಿಕೊಂಡಿದ್ದಾಳೆ, ದೊಡ್ಡಮ್ಮನಿಗೆ ಗೊತ್ತಿಲ್ಲ. ಈ ಪತ್ರಿಕೆ ಅವರಿಗೂ ಬರುತ್ತದೆ, ಇನ್ನು ಗೊತ್ತಾಗುತ್ತದೆ!

ಪ್ರಿಂಟ್ ಹಾಕಿಸುವಾಗ ಒಂದು ಎಚ್ಚರ. ಪರದೆ ತಾನೇ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಮೊಬೈಲಿನಲ್ಲಿ ಕಂಡ ಮಡಿಕೆ ಕಾಗದದಲ್ಲಿ ಮುಳುಗಬಹುದು. ಮೊದಲು ಚಿಕ್ಕ ಪ್ರಿಂಟ್ ತೆಗೆಸಿ ನೋಡಿ, ಆಮೇಲೆ ದೊಡ್ಡದು. ನಾವು ಎರಡು ಸಲ ತೆಗೆಸಬೇಕಾಯಿತು.

ಇನ್ನು ಫೋಟೋ ತೆಗೆಯುವಾಗಲೇ ಜಾಣತನ ಮಾಡಿದರೆ ಇಷ್ಟು ಪಾಡು ಇಲ್ಲ. ಅಜ್ಜಿ ಚಂದ್ರಕಾಳಿ ಸೀರೆ ಉಟ್ಟಿದ್ದಾರೆ, ಕಪ್ಪು ಒಡಲಿನ ಮೇಲೆ ಕಸೂತಿ ಇದೆ ಎನ್ನಿ. ಬಿಸಿಲಿಗೆ ನಿಲ್ಲಿಸಬೇಡಿ, ಪಡಸಾಲೆಯ ಬಾಗಿಲ ಪಕ್ಕ ಕೂರಿಸಿ. ಬೆಳಕು ಒಂದು ಮಗ್ಗುಲಿಂದ ಬರಲಿ, ಆಗ ಮಡಿಕೆ ಎದ್ದು ಕಾಣುತ್ತದೆ. ಇನ್ನೊಂದು ಮಗ್ಗುಲಲ್ಲಿ ತಮ್ಮ ಬಿಳಿ ದುಪ್ಪಟಿ ಹಿಡಿದು ನಿಲ್ಲಲಿ. ಮೊಬೈಲಿನ ಪರದೆಯಲ್ಲಿ ಸೀರೆಯ ಮೇಲೆ ಬೆರಳಿಡಿ. ಮುಖ ತೀರಾ ಬೆಳ್ಳಗಾದರೆ ಬೆಳಕಿನ ಪಟ್ಟಿಯನ್ನು ತುಸು ಕೆಳಗೆ ಎಳೆಯಿರಿ.

ಹಳೆಯ ಕಪ್ಪು ಬಿಳುಪು ಆಲ್ಬಮ್ ಇದ್ದರೆ ಇನ್ನೊಂದು ಮೋಜಿದೆ. ಹಿಂದಿನ ಅನೇಕ ಫಿಲ್ಮುಗಳಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ, ಕೆಂಪೆಲ್ಲ ಕಪ್ಪಾಗಿ ಬೀಳುತ್ತಿತ್ತು. 1931ರಲ್ಲಿ ಬಂದ ಕೊಡಾಕ್‌ನ ವೆರಿಕ್ರೋಮ್ ಕೂಡ ಅಂಥದ್ದೇ. ಕೆಂಪನ್ನೂ ಕಾಣಬಲ್ಲ ವೆರಿಕ್ರೋಮ್ ಪ್ಯಾನ್ ಅದರ ಜಾಗಕ್ಕೆ ಬಂದದ್ದು 1956ರಲ್ಲಿ. ಆದ್ದರಿಂದ ಮುತ್ತಜ್ಜಿಯ ಮದುವೆ ಫೋಟೋದಲ್ಲಿ ಸೀರೆ ಕಪ್ಪಾಗಿದ್ದರೆ ಯಾವ ಪಟ್ಟಿಯನ್ನೂ ಎಳೆಯುವ ಮೊದಲು ಅಜ್ಜಿಯನ್ನು ಕೇಳಿ: ಆ ಸೀರೆಯ ಬಣ್ಣ ನಿಜಕ್ಕೂ ಯಾವುದಾಗಿತ್ತು?