ಅವರು ವಾಪಸ್ ಹೋದ ಮೇಲೆ

ಮಕ್ಕಳು ಕೇಳುವ ಪ್ರಶ್ನೆಗಳಲ್ಲಿ ಎರಡು ಬಗೆ. ಕೆಲವಕ್ಕೆ ಗೈಡಿನಲ್ಲಿ ಉತ್ತರವಿರುತ್ತದೆ. ಇನ್ನು ಕೆಲವಕ್ಕೆ ಪಾಠ ಹೇಳುವವರ ಬಳಿಯೂ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ನಾವೆಲ್ಲ ಮಾಡುವುದು ಒಂದೇ. ‘ಸುಮ್ನೆ ಕೂತ್ಕೊಳ್ಳೇ’ ಎಂದು ಗದರಿಸಿಬಿಡುವುದು. 2012ರ ಸುಮಾರಿನಲ್ಲಿ ಮಳವಳ್ಳಿ ತಾಲ್ಲೂಕಿನ ಶಾಲೆಯೊಂದರಲ್ಲಿದ್ದಾಗ ಹದಿಮೂರು ವರ್ಷದ ಹುಡುಗಿಯೊಬ್ಬಳನ್ನು ಹೀಗೆ ಗದರಿಸಿ ಕೂರಿಸಿದ್ದೆ. ಅದು ಇಂದಿಗೂ ನನ್ನನ್ನು ಚುಚ್ಚುತ್ತಲೇ ಇದೆ.

ಅಂದು ಶನಿವಾರ, ಬೆಳಗಿನ ಶಾಲೆ, ಕೊನೆಯ ಪೀರಿಯಡ್ಡು. ಮಕ್ಕಳಿಗೆ ಒಂದು ಕಥೆ ಓದಿ ಹೇಳುತ್ತಿದ್ದೆ. ನೀವೂ ಓದಿರುವಂಥ ಕಥೆಯೇ. ಬೆಂಗಳೂರಿನ ಅಣ್ಣ ತಂಗಿ ಬೇಸಿಗೆ ರಜೆಗೆ ಹಳ್ಳಿಯ ಅಜ್ಜಿಯ ಮನೆಗೆ ಬರುತ್ತಾರೆ. ಮಾವಿನ ಮರ ಹತ್ತುತ್ತಾರೆ, ಕರುವಿನ ಜೊತೆ ಆಡುತ್ತಾರೆ, ಅಜ್ಜಿ ಮಾಡಿದ ಕಜ್ಜಾಯ ತಿನ್ನುತ್ತಾರೆ. ರಜೆ ಮುಗಿದಾಗ ಕಣ್ಣೀರಿಡುತ್ತಾ ಬಸ್ಸು ಹತ್ತುತ್ತಾರೆ. ಕಥೆ ಮುಗಿಯಿತು. ಹಿಂದಿನ ಬೆಂಚಿನಿಂದ ಆ ಹುಡುಗಿ ಎದ್ದು ನಿಂತಳು.

“ಮಿಸ್, ಅವ್ರೇನೋ ವಾಪಸ್ ಓದ್ರು. ಅವ್ರು ಓದ್ಮೇಲೆ ಆ ಅಜ್ಜಿ ಮನೇಲಿ ಏನಾಯ್ತದೆ?”

ತರಗತಿಯೆಲ್ಲ ನಕ್ಕಿತು. ನಾನು ಗದರಿಸಿದೆ. ಬೆಲ್ಲು ಹೊಡೆಯಿತು.

ಬಸ್ಸಿನಲ್ಲಿ ಮಂಡ್ಯಕ್ಕೆ ಬರುವಾಗ ಆ ಪ್ರಶ್ನೆ ನನ್ನ ಪಕ್ಕದ ಸೀಟಿನಲ್ಲೇ ಕೂತಿತ್ತು. ಬೆಳಿಗ್ಗೆ ಎದ್ದು ಕೊಟ್ಟಿಗೆ ಬಾಚಿ, ಡೈರಿಗೆ ಹಾಲು ಹಾಕಿ, ತಮ್ಮನಿಗೆ ತಲೆ ಬಾಚಿ ಶಾಲೆಗೆ ಬರುವ ಹುಡುಗಿ ಅವಳು. ಕಥೆಯ ಅಜ್ಜಿ ಮನೆಯಲ್ಲಿ ವರ್ಷವೆಲ್ಲ ಇರುವವಳು ಅವಳೇ. ಆದರೆ ಕಥೆಯಲ್ಲಿ ಅವಳಿಲ್ಲ. ಮಾವಿನ ಮರವಿದೆ, ಕರುವಿದೆ, ಕಜ್ಜಾಯವಿದೆ. ಕರುವಿಗೆ ಹುಲ್ಲು ಹಾಕಿದವಳು ಮಾತ್ರ ಇಲ್ಲ. ನಮ್ಮ ಎಷ್ಟೋ ಮಕ್ಕಳ ಪುಸ್ತಕಗಳಲ್ಲಿ ಹಳ್ಳಿಯೆಂದರೆ ನೆಂಟರು ಬಂದು ಹೋಗುವ ಜಾಗ. ಅಲ್ಲೇ ಹುಟ್ಟಿ ಅಲ್ಲೇ ಬೆಳೆಯುವ ಮಗುವಿಗೆ ಅದರಲ್ಲಿ ಪಾತ್ರವಿಲ್ಲ.

ಇದನ್ನು ನಾನು ಮರೆತೇ ಬಿಡುತ್ತಿದ್ದೆನೇನೋ. ಆದರೆ ಕೆಲವು ವರ್ಷಗಳ ಹಿಂದೆ ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಯ ಮಗಳು ರಜೆಗೆ ಬಂದವಳು ಒಂದು ಮಾತು ಹೇಳಿದಳು. “ದೊಡ್ಡಮ್ಮ, ಅಲ್ಲಿ ನಮ್ಮ ಕಡೆಯ ಜನರ ಬಗ್ಗೆ ಬರೆದ ಮಕ್ಕಳ ಪುಸ್ತಕಕ್ಕೇ ಬೇರೆ ಪ್ರಶಸ್ತಿ ಇದೆ. ಅಂಥದ್ದೊಂದು ಪುಸ್ತಕ ಸ್ಕೂಲ್ ಲೈಬ್ರರಿಯಿಂದ ಮಗನಿಗೆ ಸಿಕ್ಕಿತ್ತು. ನನ್ನ ಹಾಗೇ ಇರುವ ಹುಡುಗ ಪುಸ್ತಕದಲ್ಲಿದ್ದಾನೆ ಅಂತ ಮೂರು ದಿನ ತಲೆದಿಂಬಿನ ಕೆಳಗೇ ಇಟ್ಟುಕೊಂಡಿದ್ದ.”

ವಿಚಾರಿಸಿದೆ. ನಿಜವೇ. ದಕ್ಷಿಣ ಏಷ್ಯಾದ ಬದುಕನ್ನು ಕುರಿತು ಇಂಗ್ಲಿಷಿನಲ್ಲಿ ಬರುವ ಮಕ್ಕಳ ಪುಸ್ತಕಗಳಿಗೆ ಅಮೆರಿಕದಲ್ಲಿ ‘ಸೌತ್ ಏಷ್ಯಾ ಬುಕ್ ಅವಾರ್ಡ್’ ಎಂಬ ಪ್ರಶಸ್ತಿಯನ್ನು 2012ರಿಂದ ಕೊಡುತ್ತಾ ಬಂದಿದ್ದಾರೆ. ಅಲ್ಲಿ ಪುಸ್ತಕ ಚೆನ್ನಾಗಿದೆಯೇ ಎಂದು ಕೇಳಿದರೆ ಸಾಲದು. ಆ ಜನರ ಬದುಕನ್ನು ಸರಿಯಾಗಿ ತೋರಿಸಿದೆಯೇ ಎಂದೂ ಕೇಳುತ್ತಾರೆ. ಈ ಎರಡನೆಯ ಪ್ರಶ್ನೆಯೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ನ್ಯೂಜೆರ್ಸಿಯ ನಮ್ಮ ಹುಡುಗನ ಪರವಾಗಿ ಯಾರೋ ಗುರುತಿಲ್ಲದವರು ಆ ಪ್ರಶ್ನೆ ಕೇಳುತ್ತಿದ್ದಾರೆ. ಮಳವಳ್ಳಿಯ ಹುಡುಗಿಯ ಪರವಾಗಿ ಕೇಳುವವರು ಯಾರು? ಅವಳೇ ಎದ್ದು ಕೇಳಿದಳು. ಕೂತ್ಕೋ ಅಂದೆವು.

ನಮ್ಮಲ್ಲಿ ಪ್ರಶಸ್ತಿಗಳಿಲ್ಲವೇ? ಇವೆ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡವೂ ಸೇರಿ 24 ಭಾಷೆಗಳಿಗೆ. ಮೊದಲ ವರ್ಷ ಕನ್ನಡಕ್ಕೆ ಬೊಳುವಾರು ಮಹಮದ್ ಕುಂಞಿ ಅವರ ಗಾಂಧಿ ಪುಸ್ತಕದಿಂದ ಅದು ಬಂತು. ಸಂತೋಷವೇ. ಆದರೆ ಲೆಕ್ಕ ನೋಡಿ. ದೊಡ್ಡವರ ಪುಸ್ತಕಕ್ಕೆ ಅಕಾಡೆಮಿ ಕೊಡುತ್ತಾ ಬಂದದ್ದು ಒಂದು ಲಕ್ಷ ರೂಪಾಯಿ, ಮಕ್ಕಳ ಪುಸ್ತಕಕ್ಕೆ ಐವತ್ತು ಸಾವಿರ. ಬಸ್ಸಿನಲ್ಲಿ ಮಕ್ಕಳಿಗೆ ಅರ್ಧ ಟಿಕೆಟ್ ಕೊಡುವ ಹಾಗೆ! ಮಕ್ಕಳಿಗೆ ಬರೆಯುವುದು ಅರ್ಧ ಕೆಲಸವೆಂದು ಯಾರು ಹೇಳಿದರು? ಒಂದನೇ ತರಗತಿಗೆ ಒಂದು ದಿನ ಪಾಠ ಮಾಡಿ ನೋಡಿದವರಾರೂ ಹಾಗೆ ಹೇಳಲಾರರು.

ಇನ್ನೊಂದು ಲೆಕ್ಕ. ಆ ಪಟ್ಟಿಯ ಕನ್ನಡ ಹೆಸರುಗಳನ್ನು ಓದುತ್ತಾ ಬನ್ನಿ. ಹೆಣ್ಣಿನ ಹೆಸರು ಸಿಗಲು 2023ರವರೆಗೆ ಕಾಯಬೇಕು. ಆ ವರ್ಷ ‘ಸೂರಕ್ಕಿ ಗೇಟ್’ ಕಾದಂಬರಿಗೆ ವಿಜಯಶ್ರೀ ಹಾಲಾಡಿ ಅವರಿಗೆ ಬಂತು. ತೊಟ್ಟಿಲು ತೂಗಿದವರು, ತುತ್ತು ತಿನ್ನಿಸುತ್ತಾ ಕಥೆ ಕಟ್ಟಿದವರು, ಮಕ್ಕಳಿಗೆ ಮೊದಲ ಮಾತು ಕಲಿಸಿದವರು ಯಾರಮ್ಮಾ? ಮನೆಯಲ್ಲಿ ಕಥೆ ಹೇಳುವ ಕೆಲಸ ನಮ್ಮದು, ವೇದಿಕೆಯ ಮೇಲೆ ಶಾಲು ಹೊದಿಸಿಕೊಳ್ಳುವ ಸರದಿ ಬಂದಾಗ ಮಾತ್ರ ಹದಿಮೂರು ವರ್ಷ ಕಾಯಬೇಕು. ಗಂಡಸರು ಬರೆದದ್ದು ಕಡಿಮೆಯೆಂದು ನಾನು ಹೇಳುತ್ತಿಲ್ಲ. ನಾವು ಹೇಳಿದ್ದನ್ನು ಬರೆದಿಡಲು ನಮಗೆ ಪುರುಸೊತ್ತು ಕೊಟ್ಟವರು ಯಾರು ಎಂದು ಕೇಳುತ್ತಿದ್ದೇನೆ, ಅಷ್ಟೆ.

ಎಲ್ಲಕ್ಕಿಂತ ದೊಡ್ಡ ತಕರಾರು ಬೇರೆ ಇದೆ. ಪ್ರಶಸ್ತಿ ಬಂದ ಪುಸ್ತಕ ಮಕ್ಕಳ ಕೈಗೆ ಬರುತ್ತದೆಯೇ? ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಒಂದು ಶಾಲೆಯಲ್ಲಿ ಆರು ವರ್ಷ ಲೈಬ್ರರಿ ನನ್ನ ಸುಪರ್ದಿಯಲ್ಲಿತ್ತು. ಲೈಬ್ರರಿಯೆಂದರೆ ಒಂದು ಕಬ್ಬಿಣದ ಬೀರು. ಪುಸ್ತಕ ಹರಿದರೆ, ಕಳೆದರೆ ಸ್ಟಾಕ್ ರಿಜಿಸ್ಟರಿಗೆ ನಾನೇ ಉತ್ತರ ಹೇಳಬೇಕು. ಆ ಭಯಕ್ಕೆ ಬೀರುವಿಗೆ ಬೀಗ ಹಾಕಿ ಬೀಗದ ಕೈಯನ್ನು ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡು ಓಡಾಡಿದೆ. ಆರು ವರ್ಷದಲ್ಲಿ ಒಂದು ಪುಸ್ತಕವೂ ಕಳೆಯಲಿಲ್ಲ. ಮೇಲಿನವರು ಬಂದು ಮೆಚ್ಚಿಕೊಂಡೂ ಹೋದರು. ಪುಸ್ತಕ ಕಳೆಯದ ಲೈಬ್ರರಿ ಎಂದರೆ ಯಾರೂ ಓದದ ಲೈಬ್ರರಿ ಎಂಬುದು ಅವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಬೀರು ತೆಗೆದ ಮೇಲೆ ಕಂಡದ್ದನ್ನೂ ಹೇಳುತ್ತೇನೆ. 2011ರಲ್ಲಿ ಬಾಲ ಸಾಹಿತ್ಯ ಪುರಸ್ಕಾರ ಪಡೆದ ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ ಪುಸ್ತಕವನ್ನು ತರಗತಿಯಲ್ಲಿ ದಿನಕ್ಕಿಷ್ಟು ಎಂದು ಓದಿದೆ. ಅದು ಶರಾವತಿ ಸೀಮೆಯದು, ಮಲೆನಾಡಿನದು. ನಮ್ಮ ಕಬ್ಬಿನ ಗದ್ದೆಯ ಮಕ್ಕಳಿಗೆ ಹಿಡಿಸುತ್ತದೋ ಇಲ್ಲವೋ ಎಂದು ಅಂದುಕೊಂಡಿದ್ದೆ. ಮೂರನೇ ದಿನ ಒಬ್ಬ ಹುಡುಗ, “ಮಿಸ್, ನಮ್ ಕಟ್ಟೆ ಕಟ್ಟಿದಾಗ್ಲೂ ಊರು ಮುಳುಗಿತ್ತಂತೆ, ನಮ್ ತಾತ ಯೋಳ್ತಿತ್ತು” ಎಂದ. ಹೌದಲ್ಲ! ಹಳೆಯ ಕನ್ನಂಬಾಡಿಯೂ ನೀರಿನಡಿ ಸೇರಿತ್ತು. ನಮ್ಮ ನಾಲೆಯ ನೀರಿನ ಹಿಂದೆ ಯಾರದೋ ಮನೆ ಮುಳುಗಿದೆ ಎಂಬುದನ್ನು ಆ ಮಕ್ಕಳು ಅಂದು ತಾವಾಗಿಯೇ ಮಾತಾಡಿಕೊಂಡರು. ಒಂದು ಊರಿನ ನಿಜ ಹೇಳಿದ ಪುಸ್ತಕ ಇನ್ನೊಂದು ಊರಿನ ಬಾಯಿ ತೆರೆಸುತ್ತದೆ. ಪ್ರಶಸ್ತಿ ಸಾರ್ಥಕವಾಗುವುದು ಹೀಗೆ.

‘ಹಾಗಾದರೆ ಮಕ್ಕಳಿಗೆ ಅವರ ಊರಿನ ಕಥೆಯನ್ನೇ ಹೇಳುತ್ತಾ ಕೂರಬೇಕೇ? ಕಲ್ಪನೆ ಬೇಡವೇ?’ ಎಂದು ಕೆಲವರು ಕೇಳುತ್ತಾರೆ. ಬೇಕು ಸ್ವಾಮಿ. ಕುವೆಂಪು ಅವರ ಕಿಂದರಿಜೋಗಿ ಇಂಗ್ಲಿಷ್ ಕವಿ ಬ್ರೌನಿಂಗ್‌ನಿಂದ ಬಂದವನು. ಆದರೂ ಅವನು ಬೊಮ್ಮನಹಳ್ಳಿಗೆ ಬಂದ ಮೇಲೆ ಪರದೇಶಿಯೆಂದು ಯಾವ ಮಗುವಿಗೂ ಅನ್ನಿಸಿಲ್ಲ. ಹೊರಗಿನದು ಬರಬಾರದೆಂಬ ಜಗಳ ನನ್ನದಲ್ಲ. ಒಳಗಿನದು ಮರೆಯಾಗಬಾರದು ಎಂಬುದು ನನ್ನ ಜಗಳ.

ಒಳಗೆ ಏನಿದೆ ಎನ್ನುತ್ತೀರಾ? ಮದ್ದೂರು ಎಂದರೆ ವಡೆ ಮಾತ್ರವೇ? ಅದೇ ಮದ್ದೂರಿನ ಶಿವಪುರದಲ್ಲಿ 1938ರಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ಮಳವಳ್ಳಿಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು. ಬೊಪ್ಪೇಗೌಡನಪುರದ ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯಿಡೀ ಹಾಡುವ ನೀಲಗಾರರು ನಮ್ಮ ಮಕ್ಕಳ ಅಕ್ಕಪಕ್ಕದ ಮನೆಯವರು. ಇನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಯ ಹಿತ್ತಲ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರವರು ಅವನ್ನು ಕಾಯುತ್ತಾರೆ. ಹಿಕ್ಕೆಯ ವಾಸನೆ ಸಹಿಸಿಕೊಂಡು, ಹುಣಿಸೆಯ ಫಸಲು ಹಾಳಾದರೂ ಮರ ಕಡಿಯದೆ.

ಇದೇ ಜಿಲ್ಲೆಯಲ್ಲಿ, 2023ರ ನವೆಂಬರಿನಲ್ಲಿ, ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುವ ದಂಧೆ ನಡೆದಿತ್ತೆಂಬ ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬಂತು. ಬೆಲ್ಲ ಕಾಯಿಸುವ ಮನೆಯಲ್ಲಿ! ಅಂದು ನನ್ನ ತರಗತಿಯ ಹೆಣ್ಣುಮಕ್ಕಳು ಆ ಸುದ್ದಿಯನ್ನು ಗುಸುಗುಸು ಮಾತಾಡುತ್ತಿದ್ದುದು ನನ್ನ ಕಿವಿಗೆ ಬಿತ್ತು. ನನ್ನನ್ನು ಕಂಡು ಸುಮ್ಮನಾದರು. ಹಕ್ಕಿಯನ್ನು ಮಗಳೆಂದ ನೆಲದಲ್ಲಿ ಮಗಳು ಬೇಡವಾದದ್ದು ಹೇಗೆ? ಇದನ್ನು ಹದಿಮೂರು ವರ್ಷದ ಹುಡುಗಿಗೆ ಹೆದರಿಸದೆ, ಸುಳ್ಳು ಹೇಳದೆ ಹೇಳುವ ಕಥೆ ಬೇಕು. ನನ್ನ ಬೀರುವಿನಲ್ಲಿ ಹುಡುಕಿದೆ. ನೀತಿಕಥೆಗಳಿದ್ದವು, ಜಾಣ ನರಿ, ದಡ್ಡ ಕಾಗೆ, ವಿಧೇಯ ಬಾಲಕ ಇದ್ದರು. ಆ ಹುಡುಗಿಯರ ಪಿಸುಮಾತಿಗೆ ಉತ್ತರ ಕೊಡುವ ಒಂದು ಪುಟವೂ ಸಿಗಲಿಲ್ಲ. ಅಂಥ ಪುಸ್ತಕ ಬರೆಯುವ ಧೈರ್ಯ ಯಾರಿಗಾದರೂ ಬರಬೇಕಾದರೆ, ಅದಕ್ಕೆ ಬೆಲೆಯಿದೆ ಎಂದು ತೋರಿಸುವವರು ಬೇಕು. ಪ್ರಶಸ್ತಿ ಇರುವುದು ಅದಕ್ಕಲ್ಲವೇ?

ಆದ್ದರಿಂದ ಪ್ರಶಸ್ತಿ ಕೊಡುವ ದೊಡ್ಡವರಲ್ಲಿ, ಅಕಾಡೆಮಿಯಿರಲಿ, ಸರ್ಕಾರವಿರಲಿ, ನಮ್ಮ ಮಂಡ್ಯದ ಸಂಘಗಳಿರಲಿ, ನನ್ನದು ಮೂರು ಕೇಳಿಕೆ. ಒಂದು, ತೀರ್ಪು ಕೊಡುವ ಮೊದಲು ಪುಸ್ತಕವನ್ನು ನಾಲ್ಕು ಶಾಲೆಗಳ ಮಕ್ಕಳ ಕೈಗೆ ಕೊಡಿ. ‘ಮಕ್ಕಳಿಗೇನು ತಿಳಿಯುತ್ತದೆ’ ಎನ್ನಬೇಡಿ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಹೇಳಲು ಅಡಿಗೆ ಬರಬೇಕಾಗಿಲ್ಲ. ಎರಡು, ಪ್ರಶಸ್ತಿಯ ಹಣದಷ್ಟೇ ಹಣವನ್ನು ಪುಸ್ತಕದ ಪ್ರತಿ ಕೊಳ್ಳಲು ತೆಗೆದಿಡಿ. ಸರ್ಕಾರ 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ತಂದು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳನ್ನು ಶುಲ್ಕವಿಲ್ಲದೆ ಸದಸ್ಯರನ್ನಾಗಿ ಮಾಡಿಕೊಂಡಿತು. ಬಾಗಿಲು ತೆರೆದಿದೆ, ಒಳಗೆ ಇಡಬೇಕಾದ್ದನ್ನು ಇಡಿ. ಮೂರು, ಆ ನ್ಯೂಜೆರ್ಸಿ ಹುಡುಗನಿಗಾಗಿ ಕೇಳುವ ಪ್ರಶ್ನೆಯನ್ನು ನಮ್ಮ ಮಕ್ಕಳಿಗಾಗಿಯೂ ಕೇಳಿ. ಇದರಲ್ಲಿ ಕಾಣುವ ಬದುಕು ನಿಜವೇ? ರಜೆಗೆ ಬಂದವರ ಕಣ್ಣಿಂದ ಕಂಡದ್ದೋ, ಅಲ್ಲೇ ಇರುವವರ ಕಣ್ಣಿಂದ ಕಂಡದ್ದೋ?

2024ರ ಡಿಸೆಂಬರಿನಲ್ಲಿ ನಮ್ಮ ಮಂಡ್ಯದಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಎಂಬತ್ತೇಳನೆಯದು. ಊಟಕ್ಕೆ ಬಾಡೂಟ ಬೇಕೋ ಬೇಡವೋ ಎಂದು ಊರೆಲ್ಲ ಕಾವೇರಿತ್ತು. ಆ ಜಗಳ ತಪ್ಪೆಂದು ನಾನು ಹೇಳಲಾರೆ. ನಮ್ಮ ಜನ ತಿನ್ನುವ ಅನ್ನಕ್ಕೆ ನಮ್ಮ ಊರಿನ ಸಮ್ಮೇಳನದಲ್ಲೇ ಜಾಗವಿಲ್ಲವೇ ಎಂಬ ನೋವು ಅದರಲ್ಲಿತ್ತು. ನನ್ನ ಪ್ರಶ್ನೆಯೂ ಅದೇ ಜಾತಿಯದು. ನಮ್ಮ ಮಕ್ಕಳ ಬದುಕಿಗೆ ನಮ್ಮ ಭಾಷೆಯ ಪುಸ್ತಕದಲ್ಲೇ ಜಾಗವಿಲ್ಲವೇ? ಹೊಟ್ಟೆಯ ಹಸಿವಿಗೆ ಜಗಳವಾಡಿದ ಮಂಡ್ಯದವರು ಇದಕ್ಕೂ ಒಮ್ಮೆ ಜಗಳವಾಡಬಾರದೇ?

ಈಚೆಗೆ ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಯಾರೋ “ಮಿಸ್” ಎಂದು ಕೂಗಿದರು. ತಿರುಗಿದರೆ ಅದೇ ಹುಡುಗಿ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾಳಂತೆ. ಕೈಯಲ್ಲಿ ಟಿಫನ್ ಕ್ಯಾರಿಯರ್. ನಾಲ್ಕು ವರ್ಷದ ಮಗಳಿದ್ದಾಳಂತೆ. ಹಳೆಯ ಪ್ರಶ್ನೆ ಅವಳಿಗೆ ನೆನಪಿರಲಿಲ್ಲ. ನಾನೇ ನೆನಪಿಸಿ, ಅಂದು ಗದರಿಸಿದ್ದಕ್ಕೆ ಬೇಜಾರು ಮಾಡ್ಕೋಬೇಡ ಕಣೇ ಎಂದೆ. ನಕ್ಕಳು. “ಬುಡಿ ಮಿಸ್. ನಮ್ ಮಗೀಗೆ ಒಂದು ಒಳ್ಳೆ ಕತೆ ಪುಸ್ತಕ ಯೋಳಿ, ಈ ತಿಂಗಳು ಸಂಬ್ಳ ಬಂದ್ಮೇಲೆ ತಕ್ಕೊತೀನಿ” ಎಂದಳು.

ಅವಳ ಬಸ್ಸು ಬಂತು. ಹೇಳುತ್ತೇನೆ ಎಂದು ಅವಳ ಫೋನ್ ನಂಬರು ತೆಗೆದುಕೊಂಡಿದ್ದೇನೆ. ಕೂಲಿ ದುಡ್ಡು ಕೊಟ್ಟು ಕೊಳ್ಳುವವಳಿಗೆ, ಅವಳ ಮಗಳೂ ಒಳಗಿರುವಂಥ ಪುಸ್ತಕವನ್ನೇ ಹೇಳಬೇಕು. ಹುಡುಕುತ್ತಿದ್ದೇನೆ. ನಿಮಗೆ ಗೊತ್ತಿದ್ದರೆ ನೀವೂ ಹೇಳಿ.